ಎರಡೂಕಾಲು ಸೆಕೆಂಡು

ಕವಾಸಾಕಿ. ನೆಲದಡಿಯ ಎರಡನೆಯ ಅಂತಸ್ತು.
ಕೋಣೆಗೊಂದು ಹೆಸರುಂಟು: ವೃತ್ತಿ ಮರುಶೋಧನಾ ಕೇಂದ್ರ.
ಕಿಟಕಿಯಿಲ್ಲ. ಗೋಡೆಯಿಂದ ಹೊರಬಂದ ಫೋನಿನ ತಂತಿ
ಯಾವ ಫೋನನ್ನೂ ಸೇರದೆ ಸುರುಳಿ ಸುತ್ತಿ ಮಲಗಿದೆ.
ಒಂದು ಮೇಜು, ಒಂದು ಕುರ್ಚಿ. ಕುರ್ಚಿಯಲ್ಲಿ
ಇನಗಾಕಿ ಫುಮಿಯೊ, ಐವತ್ತಮೂರು.

ಪ್ರತಿ ಸೋಮವಾರ ಒಂಬತ್ತು ಹತ್ತಕ್ಕೆ
ಅವರಿಗೆ ಕಾಗದ ಒಯ್ಯುವವಳು ನಾನು.
ಮಾನವ ಸಂಪನ್ಮೂಲ ವಿಭಾಗ. ಎಂಥ ಮಾತು!
ಗಣಿಯಲ್ಲಿ ಅದಿರು, ಕಾಡಲ್ಲಿ ಮರ, ನಮ್ಮಲ್ಲಿ ಮನುಷ್ಯರು.
"ಸ್ವಂತ ಇಚ್ಛೆಯಿಂದ" ಎಂದು ಮೊದಲೇ ಅಚ್ಚಾಗಿದೆ.
ಕೆಳಗೊಂದು ಪುಟ್ಟ ವೃತ್ತ, ಮೊಹರಿಗೆ.
ಕೆಂಪು ಮಸಿಯ ಡಬ್ಬಿಯೂ ನನ್ನ ಕೈಯಲ್ಲೇ,
ಅವರಿಗೆ ತೊಂದರೆಯಾಗಬಾರದಲ್ಲ.
ನಾವು ಯಾರನ್ನೂ ಹೊರಗೆ ದಬ್ಬುವುದಿಲ್ಲ.
ಕೆಲಸ ಕಿತ್ತುಕೊಂಡು ಕೂಡಿಸುತ್ತೇವೆ,
ಬಾಗಿಲೆಲ್ಲಿ ಎಂದು ಅವರೇ ಕೇಳುವ ತನಕ.

ಇಪ್ಪತ್ತೊಂಬತ್ತು ವರ್ಷ ಅವರು ಕ್ಯಾಮೆರಾಗಳಿಗೆ ರೆಪ್ಪೆ ಮಾಡಿದರು.
ಶಟರ್ ಅನ್ನುತ್ತೇವಲ್ಲ, ಅದು.
ಕಿವಿಗೆ ಹಿಡಿದು ಹೇಳುತ್ತಿದ್ದರಂತೆ:
ಇದು ಸೆಕೆಂಡಿನ ನೂರಿಪ್ಪತ್ತೈದರಲ್ಲೊಂದು ಪಾಲು,
ಇದು ಕೊಂಚ ಸೋಮಾರಿ.
ಈಗಿನವಕ್ಕೆ ರೆಪ್ಪೆಯೇ ಇಲ್ಲ.
ಆ ಕೋಣೆಯ ಮೂಲೆಯಲ್ಲಿ ತೂಗುವುದೂ ಅಂಥದೇ,
ಕಣ್ಣು ಮುಚ್ಚುವುದಿಲ್ಲ.

ದಿನಕ್ಕೊಂದು ವರದಿ ಬರೆಯಬೇಕು:
"ಇಂದು ಸಂಸ್ಥೆಗೆ ನಾನು ಯಾಕೆ ಬೇಡ?"
ಮುನ್ನೂರು ಅಕ್ಷರ ಮೀರದಂತೆ.
ಅವರು ಬರೆದರು: ಬಾಗಿಲು ಮುಚ್ಚಲು ಎರಡೂಕಾಲು ಸೆಕೆಂಡು.
ಮೇಲಿನ ಕೀಲು ಸವೆದಿದೆ.
ಮರುದಿನ: ಎರಡೂಕಾಲು.
ಅದರ ಮರುದಿನ: ಎರಡೂವರೆ. ಹೊರಗೆ ಮಳೆಯಿರಬೇಕು.
ತಲೆಬುಡ ತಿಳಿಯದೆ ನನ್ನ ಮೇಲಿನವರು ಫೈಲಿಗೆ ಹಾಕಿದರು.
ಮಳೆ ಇತ್ತು. ನಾನು ನೋಡಿದ್ದೆ.

ಜೂನಿನಲ್ಲೊಂದು ದಿನ ಬಾಗಿಲು ಕಿರುಗುಟ್ಟಲಿಲ್ಲ.
ಕನ್ನಡಕದ ತಿರುಪು ಬಿಗಿಯುವ ಪುಟ್ಟ ಹತಾರದಿಂದ,
ಊಟದ ಡಬ್ಬಿಯ ಎಳ್ಳೆಣ್ಣೆಯಿಂದ
ಕೀಲು ಸರಿಮಾಡಿಬಿಟ್ಟಿದ್ದರು.
ಅಪ್ಪಣೆಯಿಲ್ಲದೆ ಕೆಲಸ ಮಾಡಿದ್ದಕ್ಕೆ ಎಚ್ಚರಿಕೆ ಪತ್ರ.
ಟೈಪ್ ಮಾಡಿದ್ದು ನಾನೇ. "ಕೆಲಸ" ಎಂದು ಬರೆದು,
ಅಳಿಸಿ, ಮತ್ತೆ ಬರೆದು, ಕೊನೆಗೆ
"ಅನಧಿಕೃತ ಚಟುವಟಿಕೆ" ಅಂದೆ.

ಓದಿ, ಮಡಿಸಿ, ಅವರಂದರು:
"ಓಕಿತಾ-ಸಾನ್, ನಿಮ್ಮ ಎಡಗಾಲು ತಡವಾಗಿ ಬೀಳುತ್ತಿದೆ.
ಬಾಗಿಲ ಹೊರಗೆ ಹೋದ ವಾರ ನಲವತ್ತು ಸೆಕೆಂಡು ನಿಂತಿರಿ.
ಇವತ್ತು ಒಂದು ನಿಮಿಷ ಹತ್ತು."
ಕೊಂಕಲ್ಲ. ಬರೀ ಅಳತೆ.

"ಯಾಕೆ ಒತ್ತುವುದಿಲ್ಲ ನೀವು?"
ನಾನು ಕೇಳಬಾರದಿತ್ತು.
ಜೇಬಿನಿಂದ ಮೊಹರು ತೆಗೆದರು, ನಾನು ತಂದ ಮಸಿಯಲ್ಲೇ ಅದ್ದಿ
ತಮ್ಮ ಅಂಗೈಗೆ ಒತ್ತಿಕೊಂಡರು.
ಹೆಸರು ಕೆಂಪಗೆ ಮೂಡಿತು, ಬೆವರಿಗೆ ಕದಡಿತು.
"ನನ್ನಲ್ಲಿ ಅವರಿಗೆ ಬೇಕಾದದ್ದು ಇದೊಂದೇ ಉಳಿದಿದೆ.
ಇದನ್ನೂ ಕೊಟ್ಟರೆ ನಿಜಕ್ಕೂ ನಿರುದ್ಯೋಗಿಯಾಗುತ್ತೇನೆ."
ನಕ್ಕರೋ ಏನೋ. ಟ್ಯೂಬ್‌ಲೈಟು ಮಿಟುಕಿತು.

ಅಂದು ರೈಲಿನಲ್ಲಿ, ಬಾಗಿಲು ಮುಚ್ಚಿದಾಗಲೆಲ್ಲ
ನನ್ನೊಳಗೆ ಯಾರೋ ಎಣಿಸುತ್ತಿದ್ದರು.

ಮುಂದಿನ ಸೋಮವಾರ ಒಂಬತ್ತು ಹತ್ತು.
ಕಾಗದ ಹಿಡಿದು ನಿಂತೆ.
ಹೆಸರಿನ ಜಾಗ ಎಂದಿನಂತೆ ಖಾಲಿ.
ಆ ವೃತ್ತ ಯಾರ ಹೆಸರನ್ನಾದರೂ ನುಂಗೀತು,
ಇಷ್ಟು ದಿನ ಹೊಳೆದೇ ಇರಲಿಲ್ಲ.
ಪದವಿ ಮುಗಿದಾಗ ಅಜ್ಜಿ ಮಾಡಿಸಿಕೊಟ್ಟ ಮೊಹರು
ಚೀಲದ ತಳದಲ್ಲಿ, ಚೂರಾದ ಬಿಸ್ಕತ್ತಿನ ಪುಡಿಯಲ್ಲಿ ಸಿಕ್ಕಿತು.
ಗೋಡೆಗೆ ಆನಿಸಿ ಒತ್ತಿದೆ. ಸ್ವಲ್ಪ ಓರೆಯಾಯಿತು.

ಒಳಗೆ ಕುರ್ಚಿ ಸರಿದ ಸದ್ದು.
ಎಣಿಸುತ್ತಿದ್ದಾರೆ, ಗೊತ್ತು.
ಬಾಗಿಲು ತೆರೆಯಲಿಲ್ಲ ನಾನು.
ಲಿಫ್ಟಿಗೆ ಕಾರ್ಡು ಬೇಕು, ಮೆಟ್ಟಿಲಿಗೆ ಬೇಡ.

ಆ ದಿನದ ವರದಿಯಲ್ಲಿ ಅವರೇನು ಬರೆದರೋ.
ಓದುವ ಕೆಲಸ ಈಗ ನನ್ನದಲ್ಲ.